ಎಪ್ಪತ್ತೆರಡು ಕುಲಗೆಟ್ಟ ಮತಗಳು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕುಲುಮೆಯ ಕೆಂಪು ಕಣ್ಣಿಗೆ ಬೀಳುವವರೆಗೂ ಮೇಷ್ಟ್ರಿಗೆ ತಾವು ಬಂದದ್ದು ಕಮ್ಮಾರನ ಬೀದಿಗೇ ಹೌದೋ ಅಲ್ಲವೋ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ನಲವತ್ತೊಂದು ವರ್ಷದಿಂದ ಅವರು ಇತ್ತ ಕಾಲಿಟ್ಟಿರಲಿಲ್ಲ.

ಕಂಕುಳಲ್ಲಿ ಹಸ್ತಪ್ರತಿಯ ಕಟ್ಟು. ತಮ್ಮ ಕ್ಷೇತ್ರದ ಚುನಾವಣೆಗಳ ಚರಿತ್ರೆ. ಹನ್ನೆರಡು ಚುನಾವಣೆ, ಹನ್ನೆರಡು ಅಧ್ಯಾಯ. ಗೆದ್ದವರು, ಠೇವಣಿ ಕಳೆದುಕೊಂಡವರು, ಮೂರು ಸಲ ಶಂಕುಸ್ಥಾಪನೆಯಾದರೂ ಮೇಲೇಳದ ಹೊಳೆಯ ಸೇತುವೆ, ಒಂದನ್ನೂ ಬಿಟ್ಟಿರಲಿಲ್ಲ. ಮಧ್ಯಾಹ್ನ ಮುದ್ರಣಾಲಯದವರು ಬಂದು ಒಯ್ಯುತ್ತಾರೆ. ಮೂರನೆಯ ಅಧ್ಯಾಯದ ಕೊನೆಯ ಸಾಲು ಮಾತ್ರ ಖಾಲಿ.

ಆ ಮೂರನೆಯ ಚುನಾವಣೆಗೆ ನಿಂತಿದ್ದವರು ಸ್ವತಃ ಮೇಷ್ಟ್ರು. ಎದುರಾಳಿ ಗಿರಣಿಯ ಯಜಮಾನ. ಸೋತದ್ದು ಹತ್ತೊಂಬತ್ತು ಮತಗಳಿಂದ. ಮೇಷ್ಟ್ರ ಊರಿನ ಪೆಟ್ಟಿಗೆಯೊಂದರಲ್ಲೇ ಕುಲಗೆಟ್ಟವು ಎಪ್ಪತ್ತೆರಡು.

ಅದೂ ಯಾವ ಊರು! ಹೆಬ್ಬೆಟ್ಟು ಒತ್ತುತ್ತಿದ್ದವರನ್ನು ಕೂಡಿಸಿಕೊಂಡು ಎರಡು ವರ್ಷ ಸಂಜೆ ಶಾಲೆ ನಡೆಸಿ ಗಂಟಲು ಹರಿದುಕೊಂಡ ಊರು. ಆರು ಡಜನ್ ಪೆನ್ಸಿಲ್ ತಂದು ತಲೆಗೊಂದರಂತೆ ಹಂಚಿ, "ಪುಕ್ಕಟೆ ಅಲ್ಲ, ಒಂದು ದಿನ ವಾಪಸ್ ಕೊಡಬೇಕು. ಇನ್ನು ಮಸಿ ಮುಟ್ಟಿದವರು ನನ್ನ ಮುಖ ನೋಡಬೇಡಿ" ಎಂದು ನಗಿಸಿದ್ದ ಊರು.

ಮತದಾನದ ದಿನ ಶಿಷ್ಯರೆಲ್ಲ ಆ ಪೆನ್ಸಿಲ್ಲನ್ನು ಒಡವೆಯ ಹಾಗೆ ಕಿವಿಗೋ ತುರುಬಿಗೋ ಸಿಕ್ಕಿಸಿಕೊಂಡು ಸಾಲಾಗಿ ಬಂದರು. ನೋಡಿ ಮೇಷ್ಟ್ರ ಕಣ್ಣು ತುಂಬಿತ್ತು. ಬೇರೆ ಊರುಗಳಲ್ಲಿ ಮನೆ ಮನೆಗೆ ಹೋಗಿ, ತಮ್ಮ ಗುರುತಿನ ಮುಂದೆ ಮೊಹರು ಮಾತ್ರ ಒತ್ತಬೇಕೆಂದು ತೋರಿಸಿಕೊಟ್ಟಿದ್ದರು. ಇವರಿಗೆ ಹೇಳಿಕೊಡುವುದೇನಿತ್ತು? ಅಕ್ಷರ ಬಂದವರು.

ಎಣಿಕೆಯ ಮೇಜಿನ ಬಳಿ ಅವರ ಏಜೆಂಟಾಗಿ ಕೂತಿದ್ದವನು ಜೀವದ ಗೆಳೆಯ ಕಮ್ಮಾರ. ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ಎಲ್ಲಾ ಸರಿಯಾಗೇ ಇದೆ ಮೇಷ್ಟ್ರೇ. ತಕರಾರು ಬೇಡ." ರುಜುವನ್ನೂ ಹಾಕಿಬಿಟ್ಟಿದ್ದ. ಅವತ್ತೇ ಸಂಜೆ ಶಾಲೆಗೆ ಬೀಗ ಬಿತ್ತು, ಮಾತು ನಿಂತಿತು. ಮುಂದಿನ ಚುನಾವಣೆಯ ಹೊತ್ತಿಗೆ ಕಮ್ಮಾರ ಮನೆ ಮನೆಗೆ ಹೋಗಿ, ಯಾರೂ ಪೆನ್ಸಿಲ್ ತರಕೂಡದೆಂದು ಹೇಳಿಬಂದನಂತೆ. ನನ್ನ ನೆನಪನ್ನೂ ಒರೆಸುತ್ತಿದ್ದಾನೆ ಪಾಪಿ ಎಂದುಕೊಂಡರು ಮೇಷ್ಟ್ರು.

ಈಗ ಕುಲುಮೆಯ ಮುಂದೆ ನಿಂತು, ಉಸಿರು ತಿರುಗಿಸಿಕೊಂಡು ಕೇಳಿದರು: "ಇದೇ ಕೊನೇ ಸಲ. ಗಿರಣಿಯವನು ನಿನಗೆಷ್ಟು ಕೊಟ್ಟ?"

ಕಮ್ಮಾರ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. "ಮೊದಲು ಕೂತ್ಕೊಳ್ಳಿ. ಈ ಥಂಡಿಯಲ್ಲಿ ನಡ್ಕೊಂಡು ಬಂದಿದೀರಿ."

"ಉಪಚಾರ ಬೇಡ. ಆ ಎಪ್ಪತ್ತೆರಡು ಚೀಟಿ ಕೆಡಿಸಿದ್ದು ಯಾರು?"

"ದೇವರಾಣೆ, ಕೆಟ್ಟವರು ಯಾರೂ ಅಲ್ಲ."

"ಕಬ್ಬಿಣ ಕೂಡ ಕಾಯಿಸಿದ್ರೆ ಬಗ್ಗುತ್ತೆ ಕಣಯ್ಯಾ! ಬಾಯಿ ಬಿಡದೇ ಇದ್ರೆ ನೀನೇ ಮಾರ್ಕೊಂಡೆ ಅಂತ ಬರೀತೀನಿ. ನಾಳೆ ನಿನ್ನ ಮೊಮ್ಮಕ್ಕಳು ಓದ್ತಾರೆ."

ಕಮ್ಮಾರ ಕೆಂಡ ಕೆದಕಿದ.

"ಬರ್ಕೊಳ್ಳಿ. ನನ್ನೊಬ್ಬನ ಹೆಸರಲ್ಲೇ ಮುಗಿಯೋದಾದ್ರೆ ಒಳ್ಳೇದೇ."

ನಲವತ್ತೊಂದು ವರ್ಷದ ಹೊಟ್ಟೆಯುರಿ ಮೇಷ್ಟ್ರ ಬೆರಳಿಗಿಳಿಯಿತು. ಅಲ್ಲೇ ಮಣೆಯ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದರು. ‘ಎಣಿಕೆಯ ಏಜೆಂಟನಾಗಿದ್ದ ಕಮ್ಮಾರನು’ ಎಂದು ಬರೆಯುವಷ್ಟರಲ್ಲಿ ಒಳಬಾಗಿಲು ಸದ್ದಾಯಿತು.

"ಅಯ್ಯೋ, ಮೇಷ್ಟ್ರು!" ಕಮ್ಮಾರನ ಹೆಂಡತಿ. ಸಂಜೆ ಶಾಲೆಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳು. ಈಗ ತಲೆಯೆಲ್ಲ ಬೆಳ್ಳಗಾಗಿದೆ. "ಇಷ್ಟು ವರ್ಷಕ್ಕೆ ಈ ಬಾಗಿಲು ನೆನಪಾಯ್ತಾ? ಎದ್ದು ಹೋಗಿಬಿಡಬೇಡಿ. ನಿಮ್ಮದೊಂದು ನನ್ನ ಹತ್ರ ಉಳಿದುಬಿಟ್ಟಿದೆ."

ಕಮ್ಮಾರ ಮೊದಲ ಸಲ ತಿದಿಯಿಂದ ಕೈ ತೆಗೆದ. "ಒಳಗೆ ಹೋಗೇ. ಅದೆಲ್ಲ ಈಗ್ಯಾಕೆ?"

"ನೀವು ಸುಮ್ನಿರ್ರಿ. ಗುರುಗಳ ಋಣ ಇಟ್ಕೊಂಡು ಸಾಯೋಕಾಗುತ್ತಾ?"

ಒಳಗೆ ಹೋಗಿ ಬಂದವಳು ಬಟ್ಟೆಯ ಗಂಟು ಬಿಚ್ಚಿ, ಒಂದು ಮೋಟು ಪೆನ್ಸಿಲ್ಲನ್ನು ಎರಡೂ ಕೈಯಿಂದ ಮೇಷ್ಟ್ರ ಅಂಗೈಯಲ್ಲಿಟ್ಟಳು. "ಸರ್ಕಾರದ ಕಾಗದದ ಮೇಲೆ ಮೊದಲ ಸಲ ಹೆಸರು ಬರೆದ ದಿನ ವಾಪಸ್ ಕೊಡಿ ಅಂದಿದ್ರಲ್ಲ? ನಿಮಗೆ ವೋಟು ಹಾಕಿದ ದಿನ ಚೀಟಿ ಕೊಡೋ ಸಾಹೇಬ್ರು ಮೊಹರು, ಮಸಿ ಎಲ್ಲ ಮುಂದಿಟ್ರು ಮೇಷ್ಟ್ರೇ. ಪೆನ್ಸಿಲ್ ಇದ್ದೋರು ಒಬ್ಬರೂ ಅದನ್ನ ಮುಟ್ಟಲಿಲ್ಲ; ಚೀಟಿಯಲ್ಲಿ ನಿಮ್ಮ ಗುರುತಿನ ಪಕ್ಕದಲ್ಲೇ, ನೀವು ಕಲಿಸಿದ ಹಾಗೆ, ದುಂಡಗೆ ನಮ್ಮ ನಮ್ಮ ಹೆಸರು ಬರೆದು ಬಂದ್ವಿ."