ಪೂರ್ತಿ ಕಲಿತ ಮೇಲೆ ಮಾತಾಡ್ತೀನಿ...

ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಶಿವಪುತ್ರಪ್ಪ ಎಂಬ ಕಂಟ್ರೋಲರ್ ಇದ್ದ.

ದಿನವಿಡೀ ಮೈಕ್ ಮುಂದೆ ಕೂತು, ಯಾವ ಊರಿನ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದೆ ಎಂದು ಕೂಗಿ ಹೇಳುವ ಕೆಲಸ.

ಊರಿಗೆಲ್ಲ ಆತನ ದನಿ ಗೊತ್ತಿತ್ತು... ಆದರೆ ಮನೆಯಲ್ಲಿದ್ದ ಒಬ್ಬಳೇ ಮಗಳು ಮಾತ್ರ ಆ ದನಿ ಕೇಳಿರಲಿಲ್ಲ. ಭಾಗ್ಯಶ್ರೀಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ.

ಹಾಗಂತ ಅಪ್ಪ-ಮಗಳಿಗೆ ಮಾತಿನ ಬಡತನವೇನೂ ಇರಲಿಲ್ಲ. ಇಬ್ಬರೂ ಸೇರಿ ತಮ್ಮದೇ ಸನ್ನೆ ಕಟ್ಟಿಕೊಂಡಿದ್ದರು. ಮೀಸೆ ತಿರುವಿದರೆ ಅಪ್ಪ, ಬಳೆ ಮುಟ್ಟಿದರೆ ಅವ್ವ.

ಸಂಜೆ ಮನೆಗೆ ಬಂದವನೇ, ಕೋಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ಹತ್ತಿದ ಅಜ್ಜಿ, ಅವಳ ಜೊತೆ ಜಗಳಕ್ಕೆ ನಿಂತ ಕಂಡಕ್ಟರ್... ಎಲ್ಲರನ್ನೂ ಮಾಡಿ ತೋರಿಸುತ್ತಿದ್ದ. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳಿಗೆ ಹತ್ತು ವರ್ಷವಾದಾಗ, ಅವಳು ಓದುತ್ತಿದ್ದ ಕಿವುಡ ಮಕ್ಕಳ ಶಾಲೆಯಲ್ಲಿ ವಾರ್ಷಿಕ ಗ್ಯಾದರಿಂಗ್ ನಡೆಯಿತು.

ಸ್ಟೇಜಿನ ಮೇಲೆ ಟೀಚರೊಬ್ಬರು ಸನ್ನೆ ಭಾಷೆಯಲ್ಲೇ ಭಾಷಣ ಮಾಡಿದರು. ಎಷ್ಟು ಚಂದ, ಎಷ್ಟು ಸಲೀಸು! ಮಕ್ಕಳೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಶಿವಪುತ್ರಪ್ಪನಿಗೆ ತನ್ನ ಮೀಸೆ-ಬಳೆಯ ಭಾಷೆ ನೆನೆದು ನಾಚಿಕೆಯಾಯಿತು. ಕೂಸಿಗೆ ಇಷ್ಟು ದಿನ ತಪ್ಪು ಕಲಿಸಿದೆ ಎಂದು ಮನಸ್ಸಿಗೆ ಹಚ್ಚಿಕೊಂಡ.

ಮರುದಿನವೇ ಫೋನಿನಲ್ಲಿ ಸನ್ನೆ ಭಾಷೆಯ ಕೋರ್ಸ್ ಸೇರಿದ. ಅದರ ಬೆನ್ನಿಗೇ 'ಆದರ್ಶ ತಂದೆ' ಕೋರ್ಸ್. ಆಮೇಲೆ ಬೆಳಿಗ್ಗೆ ಐದಕ್ಕೆ ಏಳುವ ಕೋರ್ಸ್, ಸಿಟ್ಟು ಗೆಲ್ಲುವ ಕೋರ್ಸ್...

ಡ್ಯೂಟಿ ಮುಗಿಸಿ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ಕಪಾಟಿನ ಕನ್ನಡಿ ಮುಂದೆ ನಿಲ್ಲುವುದು, ಬೆರಳು ತಿದ್ದಿಕೊಳ್ಳುವುದು.

ಮಗಳು ಬಂದು ಕೈ ಜಗ್ಗಿದರೆ, ಆಮೇಲೆ ಎಂದು ಕೈಯಾಡಿಸಿ ಕಳಿಸುತ್ತಿದ್ದ.

"ಮೈಕ್‌ನಾಗ ನನ್ನ ಒಂದ ಮಾತು ತಪ್ಪಿದ್ರ ರೋಣಕ್ಕ ಹೋಗಾವ ಮುಂಡರಗಿಗೆ ಹೋಗಿ ಇಳಿತಾನ. ಪೂರ್ತಿ ಕಲಿತ ಮ್ಯಾಲ ಮಾತಾಡ್ತೀನಿ," ಎನ್ನುತ್ತಿದ್ದ.

"ಆಕಿ ಪ್ಯಾಸೆಂಜರ್ ಅಲ್ರೀ, ಮಗಳು!" ಎನ್ನುತ್ತಿದ್ದಳು ಹೆಂಡತಿ ನೀಲವ್ವ.

ಕೆಲವು ತಿಂಗಳು ಹುಡುಗಿ ಬಾಗಿಲ ಹೊರಗೆ ಕೂತು ಕಾದಳು. ಆಮೇಲೆ ಬರುವುದನ್ನೇ ಬಿಟ್ಟಳು...

ಇನ್ನು ಅಭ್ಯಾಸಕ್ಕೆ ಅಡ್ಡಿಯಿಲ್ಲ ಎಂದುಕೊಂಡ ಶಿವಪುತ್ರಪ್ಪ.

ಎರಡು ವರ್ಷ ಕಳೆಯಿತು. ಗೋಡೆಯ ಮೇಲೆ ಮೂರು ಸರ್ಟಿಫಿಕೇಟು ಬಂದವು.

ಅಷ್ಟರಲ್ಲಿ ಭಾಗ್ಯಶ್ರೀಗೆ ಧಾರವಾಡದ ಹಾಸ್ಟೆಲ್ ಶಾಲೆಯೊಂದರಲ್ಲಿ ಸೀಟು ಸಿಕ್ಕಿತು. ಸೋಮವಾರ ಹೊರಡಬೇಕು. ಮತ್ತೆ ಮನೆಗೆ ಬರುವುದು ದಸರಾ ರಜೆಗೇ.

"ಹೋಗೂದ್ರೊಳಗ ಆಕಿ ಜೋಡಿ ಒಂದೀಟು ಮಾತಾಡ್ರಿ," ಎಂದಳು ನೀಲವ್ವ.

"ಇನ್ನೊಂದ ಲೆವೆಲ್ ಉಳದೈತಿ. ದಸರಾಕ್ಕ ಬರೂದ್ರಾಗ ಮುಗಿಸಿ ಹೆಂಗ ಮಾತಾಡ್ತೀನಿ, ನೋಡವಂತಿ!"

"ನಿಮ್ಮ ಲೆವೆಲ್ ಮುಗಿಯೂ ತನಕಾ ಆಕಿ ಹನ್ನೆರಡು ವರ್ಷದಾಕೀನ ಇರ್ತಾಳೇನ್ರಿ?" ಎಂದವಳೇ ನೀಲವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ. ಶಿವಪುತ್ರಪ್ಪ ಹೊಸ ಪಾಠ ತಿದ್ದುತ್ತಿದ್ದ. ಬಾಗಿಲು ಹಾಕಿಕೊಳ್ಳುವುದು ಮರೆತಿತ್ತು.

ಕನ್ನಡಿಯಲ್ಲಿ, ಬೆನ್ನ ಹಿಂದೆ ನಿಂತ ಮಗಳು ಕಂಡಳು. ತಿರುಗಿದ.

ಅವಳು ಶಾಲೆಯಲ್ಲಿ ಕಲಿತ ಸನ್ನೆಗಳನ್ನು, ಅಪ್ಪನಿಗೆ ತಿಳಿಯಲಿ ಎಂದು, ನಿಧಾನವಾಗಿ ಒಂದೊಂದಾಗಿ ಮಾಡಿದಳು...

"ಕನ್ನಡಿ ಜೊತೆ ದಿನಾ ಮಾತಾಡ್ತೀಯ. ನನ್ನ ಜೊತೆ ಯಾಕೆ ಮಾತು ಬಿಟ್ಟೆ, ಅಪ್ಪಾ?"

"ನಾನೇನು ತಪ್ಪು ಮಾಡಿದೆ? ಅದಕ್ಕೇ ಹಾಸ್ಟೆಲ್‌ಗೆ ಕಳಿಸ್ತಿದ್ದೀಯಾ?"

ಒಂದು ಸನ್ನೆಯೂ ಬಿಡದೆ ಎಲ್ಲವೂ ಅರ್ಥವಾಯಿತು. ಎರಡು ವರ್ಷ ಕಲಿತದ್ದು ಈ ಒಂದು ಪ್ರಶ್ನೆ ತಿಳಿಯಲಿಕ್ಕೇ ಏನೋ ಎನ್ನಿಸಿತು.

ಒಳಗೆ ತಾನು ಬೆರಳಿನ ತಪ್ಪು ಹುಡುಕುತ್ತಿದ್ದ... ಹೊರಗೆ ಕೂತ ಮಗಳು, ತನ್ನ ತಪ್ಪು ಯಾವುದೆಂದು ಹುಡುಕುತ್ತಿದ್ದಳು.

ಉತ್ತರ ಕೊಡಲು ಕೈ ಎತ್ತಿದ. ಕಲಿತದ್ದೆಲ್ಲ ಕಲಸಿಹೋಯಿತು. ತಪ್ಪು ನನ್ನದು ಎನ್ನಲು ಹೋಗಿ ಏನೋ ಬೇರೆಯೇ ಹೇಳಿಬಿಟ್ಟ.

ಭಾಗ್ಯಶ್ರೀ ಹುಬ್ಬು ಗಂಟಿಕ್ಕಿ ನೋಡಿದಳು... ಮರುಕ್ಷಣ ಕಣ್ಣೀರಿನ ನಡುವೆಯೇ ಫಕ್ಕನೆ ನಕ್ಕುಬಿಟ್ಟಳು!

ಅಪ್ಪನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ಸರಿ ಮಾಡಿದಳು.

ಎಷ್ಟೋ ದಿನದ ಮೇಲೆ ಆ ನಗು ಕೇಳಿ ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೋಡಿದರೆ... ಗಂಡ ಮಗಳನ್ನು ಎದೆಗೊತ್ತಿಕೊಂಡು ಮಗುವಿನ ಹಾಗೆ ಅಳುತ್ತಿದ್ದ.

ಸೋಮವಾರ ಅಪ್ಪನಿಗೆ ರಜೆ ಸಿಗಲಿಲ್ಲ. ತಾಯಿ-ಮಗಳು ಧಾರವಾಡದ ಬಸ್ ಹತ್ತಿದರು. ಶಿವಪುತ್ರಪ್ಪ ಮೈಕ್ ಬಿಟ್ಟು ಬಂದು ಕಿಟಕಿಯ ಕೆಳಗೆ ನಿಂತ.

ಇಂಜಿನ್ ಶುರುವಾಯಿತು. ಕಳಿಸಲು ಬಂದವರೆಲ್ಲ "ಆಂ? ಏನಂದಿ?" ಎಂದು ಕಿರುಚುತ್ತಿದ್ದರು. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ.

ಇವರಿಬ್ಬರ ಮಾತು ಮಾತ್ರ ನಿಲ್ಲಲೇ ಇಲ್ಲ...

ದೊಡ್ಡ ಮಾತೇನಲ್ಲ. ಹಸಿವಾದರೆ ಬುತ್ತಿ ಬಿಚ್ಚು, ಶೇಂಗಾ ಚಟ್ನಿ ಗೆಳತಿಯರಿಗೂ ಕೊಡು, ಅವ್ವ ವಾಪಸ್ ಹೊರಟಾಗ ಅಳಬೇಡ... ಅಪ್ಪ ತಪ್ಪಿದಾಗೆಲ್ಲ ಮಗಳು ಗಾಜಿನ ಒಳಗಿಂದಲೇ ತಿದ್ದುತ್ತಿದ್ದಳು. ಬಸ್ಸು ಗೇಟು ದಾಟುವ ತನಕ ಆತ ಪಕ್ಕದಲ್ಲೇ ಓಡುತ್ತ ಕೈಯಾಡಿಸಿದ.

ನೋಡುತ್ತ ನಿಂತ ಕಂಡಕ್ಟರೊಬ್ಬ ನಕ್ಕ. "ಏನ್ರೀ ಸಾಹೇಬ್ರ, ನಡು ಸ್ಟ್ಯಾಂಡಿನ್ಯಾಗ ಡ್ಯಾನ್ಸ್ ನಡಿಸೀರಲ್ಲ!"

"ಮಗಳ ಜೋಡಿ ಮಾತಾಡಾಕತ್ತಿದ್ನೋ ತಮ್ಮಾ."

"ಆ ಭಾಷಾ ಬರ್ತೈತೇನ್ರಿ ನಿಮಗ?"

ಶಿವಪುತ್ರಪ್ಪ ಕಣ್ಣೊರೆಸಿಕೊಂಡ.

"ಅರ್ಧಾ ತಪ್ಪ ಬರ್ತೈತಿ... ಉಳಿದದ್ದು ಆಕಿ ತಿದ್ದತಾಳ."

*

ಕಲಿಯುವುದು ಒಳ್ಳೆಯದೇ... ಆದರೆ ಪೂರ್ತಿ ಸರಿಯಾದ ಮೇಲೆ ಪ್ರೀತಿ ತೋರಿಸೋಣ ಎಂದು ಕೂತರೆ, ಪ್ರೀತಿಗಾಗಿ ಕಾದವರು ತಮ್ಮದೇ ತಪ್ಪೆಂದು ತಿಳಿದುಕೊಳ್ಳುತ್ತಾರೆ.

ನೀವು ಇನ್ನಷ್ಟು ಒಳ್ಳೆಯವರಾಗಲು ಒದ್ದಾಡುತ್ತಿರುವಾಗ... ನೀವು ಇದ್ದ ಹಾಗೆಯೇ ಬೇಕೆಂದು ಬಾಗಿಲ ಹೊರಗೆ ಕಾಯುತ್ತಿರುವವರು ಯಾರು?