ಹತ್ತೊಂಬತ್ತು ದಿನ

ಇಂಜಿನಿಯರಮ್ಮ ಟವರಿನ ಮೇನ್ ಸ್ವಿಚ್ ಕೆಳಗೆಳೆದು ಕಿವಿಗೊಟ್ಟು ನಿಂತಳು. ಕರೆಂಟು ಹೋಗಿ ಬ್ಯಾಟರಿ ಹೊರೆ ಹೊತ್ತುಕೊಳ್ಳುವಾಗ ‘ಟಕ್’ ಎನ್ನಬೇಕು. ಅನ್ನಲಿಲ್ಲ. ಯಂತ್ರಗಳ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇತ್ತು. “ಬಿಸಿಲು ನಂಬ್ಕೊಂಡು ಟವರ್ ನಡೆಸೋಕಾಗುತ್ತಾ?” ಎಂದು ಬೆಟ್ಟದ ದಾರಿಯುದ್ದಕ್ಕೂ ಗೊಣಗಿದ್ದಳು. ಸೋಲಾರ್ ಬ್ಯಾಟರಿ ಕಿತ್ತು ಡೀಸೆಲ್ ಜನರೇಟರ್ ಕೂರಿಸುವ ಕಾಗದಕ್ಕೆ ಅವಳ ಸಹಿಯೊಂದೇ ಬಾಕಿ.

“ಆ ಸ್ವಿಚ್ ಹಾಕಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ ಕಣಮ್ಮ,” ಎಂದ ಕಾವಲುಗಾರ ತಾತ. “ನನ್ನ ಕೋಣೇಲಿ ಮೂರು ಬಲ್ಬ್ ಬದಲಾಯಿಸ್ದೆ, ಒಂದೂ ಹತ್ತಲಿಲ್ಲ. ಎಲ್ಲಾ ಕಳಪೆ ಮಾಲು!”

ಅವಳು ಗಾಬರಿಯಿಂದ ಮೀಟರಿನ ಧೂಳು ಒರೆಸಿದಳು. ಬೆಟ್ಟದ ಲೈನಿನಲ್ಲಿ ಕರೆಂಟು ಹೋಗಿ ಆಗಲೇ ಹತ್ತೊಂಬತ್ತು ದಿನ! ಬ್ಯಾಟರಿಯ ತಂತಿ ಯಂತ್ರಗಳಿಗಷ್ಟೇ, ತಾತನ ಕೋಣೆಗಿಲ್ಲ. ಕೆಳಗಿನ ಊರಿಗೆ ಊರೇ ಇಷ್ಟು ದಿನ ಮಾತಾಡಿದ್ದು ಈ ಬ್ಯಾಟರಿಯ ಬಲದಿಂದ. ಮೊನ್ನೆ ಅಲ್ಲಿನ ಆಸ್ಪತ್ರೆಯಿಂದ ಆಗತಾನೆ ಹೆತ್ತ ಅವಳ ತಂಗಿ ಫೋನನ್ನು ಕೂಸಿನ ಬಾಯಿಗೆ ಹಿಡಿದಿದ್ದಳು. ಆ ಮೊದಲ ಅಳುವನ್ನು ತನ್ನ ಕಿವಿಗೆ ಮುಟ್ಟಿಸಿದ್ದೂ ಇದೇ.

ಬ್ಯಾಟರಿಯ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು.

“ಬಲ್ಬ್ ಎಲ್ಲಾ ಸರಿಯಾಗೇ ಇವೆ, ತಾತ,” ಎಂದಳು, ಮಲಗಿದ ಕೂಸು ಎದ್ದುಬಿಟ್ಟೀತೆಂಬಂತೆ ಮೆಲ್ಲಗೆ.