ಹಿಂದೆ ನೋಡಿದ ತಾಳದವಳು

“ಇವಳು ಯಾಕೆ ಹಿಂದೆ ತಿರುಗಿದಾಳೆ?” ಆವಿಗೆಯಿಂದ ತೆಗೆದ ಹರವಿಯ ಮುಂದೆ ಒಬ್ಬನೇ ಕೂತು ಕುಂಬಾರ ಜಿದಿ ಕೇಳಿದ. ಹತ್ತುಷಾ ಪಟ್ಟಣದ ಗುಡುಗಿನ ದೇವರ ಹಬ್ಬದ ಹರವಿ ಅದು. ಸುತ್ತಲಿನ ಉಬ್ಬುಚಿತ್ರದಲ್ಲಿ ಮೆರವಣಿಗೆಯೆಲ್ಲ ಬಲಿಪೀಠದ ಕಡೆ ನಡೆದಿತ್ತು. ತಾಳ ಹಿಡಿದವಳೊಬ್ಬಳನ್ನು ಮಾತ್ರ ಅವನು ಕೈತಪ್ಪಿ ತಿರುವಿ ಅಂಟಿಸಿಬಿಟ್ಟಿದ್ದ. ದೇವರಿಗೇ ಬೆನ್ನು! ಇನ್ನು ಗುಡಿಯವರು ಹರವಿಯನ್ನು ಒಡೆಯುತ್ತಾರೆ, ತನ್ನನ್ನು ಹೊಸ್ತಿಲು ತುಳಿಯಗೊಡುವುದಿಲ್ಲ.

ಅಷ್ಟರಲ್ಲಿ ಮುದಿ ಪೂಜಾರಿಣಿ ಹರಪ್ಸಿಲಿ ಕೋಲೂರಿ ಕುಂಟುತ್ತ ಬಂದಳು. ಹರವಿಯ ಅಂಚಿಗೆ ಕೂಡಿಸಿದ ಪುಟ್ಟ ಬಟ್ಟಲಿಗೆ ಪರೀಕ್ಷೆಗೆಂದು ದ್ರಾಕ್ಷಾರಸ ಹೊಯ್ದಳು. ಹರವಿಯೊಳಗಿನ ಮಣ್ಣಿನ ಹೋರಿತಲೆಗಳ ಬಾಯಿಂದ ಅದು ಝುಳುಝುಳು ಇಳಿಯಿತು. ಆಮೇಲೆ ಮೆರವಣಿಗೆಯ ಗುಂಟ ಸರಿದ ಅವಳ ಬೆರಳು ತಾಳದವಳ ಮೇಲೆ ನಿಂತಿತು.

“ಅಯ್ಯೋ, ನಮ್ಮ ಗುಡೀಲಿ ತಾಳ ಹಾಕೋ ನಿವಾ ಅಲ್ವೇನೋ ಇವಳು!” ಮುದುಕಿ ಕಿಸಕ್ಕನೆ ನಕ್ಕಳು. “ಹಿಂದೆ ಬರೋ ಈ ಕುಂಟಿ ಎಲ್ಲಿ ಬಿದ್ಲೋ ಅಂತ ಪ್ರತಿ ಹಬ್ಬದಲ್ಲೂ ತಿರುಗಿ ನೋಡ್ತಾಳೆ. ಬೈದೂ ಬೈದೂ ನಾನೇ ಸೋತೆ. ದೇವ್ರು ಒಂದಿನಾನೂ ಮುನಿದಿಲ್ಲ.”

ಜಿದಿಯ ಎದೆ ಹಗುರಾಯಿತು. ಆದರೂ ಬೇಕೆಂದೇ ಮಾಡಿದವನಂತೆ ನಟಿಸಲಾಗಲಿಲ್ಲ. “ಅಮ್ಮಾ, ಅದು ನನ್ನ ಕೈತಪ್ಪು. ಅಪ್ಪಣೆ ಕೊಡಿ, ಕೆರೆದು ತೆಗೀತೀನಿ,” ಎಂದು ಉಳಿಯನ್ನು ಕೈಗೆತ್ತಿಕೊಂಡ.

ಹರಪ್ಸಿಲಿ ಹರವಿಯನ್ನು ತೋಳಲ್ಲಿ ಬಳಸಿ ನಿಂತಳು.

“ಆಗೋದಿಲ್ಲ. ಉಳಿ ಕೆಳಗಿಡು.”